ವನಿತಾ ಕೊಟ್ಟ ಪ್ರೂಫು

ಕಕ್ಕಸಿಗೆ ಹೋಗುವ ಮೊದಲು ಗ್ರೂಪಿನಲ್ಲಿ ‘ಟಿ’ ಅಂತ ಹಾಕಬೇಕು. ಬಂದ ಮೇಲೆ ‘ಬಿ’ ಅಂತ ಹಾಕಬೇಕು. ನಡುವೆ ಐದು ನಿಮಿಷ ಮೀರಬಾರದು. ಅರೆಕೆರೆಯ ಆ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಮಾಡುವ ಇಪ್ಪತ್ತೆರಡು ಹೆಂಗಸರಿಗೆ ಇದು ಕಾನೂನು. ಮಾಡಿದವನು ಏಜೆನ್ಸಿಯ ಸೂಪರ್‌ವೈಸರ್ ನಂದಕುಮಾರ್.

ವಾಟ್ಸಾಪ್ ಗ್ರೂಪಿನಲ್ಲಿ ಒಟ್ಟು ನಲವತ್ತೊಂದು ಜನ. ಹೆಂಗಸರು ಇಪ್ಪತ್ತೆರಡು. ಉಳಿದ ಹತ್ತೊಂಬತ್ತು ಗಂಡಸರು. ಗೇಟಿನ ಸೆಕ್ಯೂರಿಟಿಯವರು, ಪ್ಲಂಬರ್, ಎಲೆಕ್ಟ್ರಿಷಿಯನ್, ಗಿಡಕ್ಕೆ ನೀರು ಬಿಡುವವರು, ಅಸೋಸಿಯೇಷನ್ ಸೆಕ್ರೆಟರಿ ರವಿಕಿರಣ್. ಯಾವ ಹೆಂಗಸು ಎಷ್ಟು ಹೊತ್ತಿಗೆ ಹೋದಳು, ಎಷ್ಟು ಹೊತ್ತಿಗೆ ಬಂದಳು ಅನ್ನುವುದು ಇಷ್ಟೂ ಜನಕ್ಕೆ ಗೊತ್ತಾಗುತ್ತಿತ್ತು. ಅವಳ ಫೋನ್ ನಂಬರೂ ಇಷ್ಟೂ ಜನಕ್ಕೆ ಕಾಣುತ್ತಿತ್ತು.

ಅಣ್ಣಮ್ಮ ಅಲ್ಲಿ ಆರು ವರ್ಷದಿಂದ ದುಡಿಯುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಬೇಸ್‌ಮೆಂಟಿನಲ್ಲಿ ನಿಂತು ಫೋನಿಗೆ ಮುಖ ತೋರಿಸಿ ಹಾಜರಿ ಹಾಕಿದರೆ, ಆಮೇಲೆ ಸಿ ಟವರಿನ ಹದಿನಾಲ್ಕು ಮಹಡಿಯ ಮೆಟ್ಟಿಲು ಒರೆಸುವುದು. ಮಹಡಿಗೆ ಎರಡು ಬಕೆಟ್. ಆಮೇಲೆ ಕಸ. ಮನೆಯವರು ಒಂದೇ ಕವರಿನಲ್ಲಿ ಕಟ್ಟಿ ಇಟ್ಟದ್ದನ್ನು ಬಿಚ್ಚಿ, ಅನ್ನ ಬೇರೆ, ಗಾಜು ಬೇರೆ, ಮಕ್ಕಳ ಡೈಪರ್ ಬೇರೆ ಮಾಡುವುದು. ಕ್ಲಬ್‌ಹೌಸಿನ ಆರು ಕಕ್ಕಸನ್ನು ದಿನಕ್ಕೆ ಎರಡು ಸಲ ಉಜ್ಜುತ್ತಿದ್ದವಳೂ ಅವಳೇ. ಆದರೆ ಅವುಗಳಲ್ಲಿ ಅವಳು ಕೂರುವಂತಿರಲಿಲ್ಲ. ಹೆಂಗಸರಿಗೆ ಇದ್ದದ್ದು ಒಂದೇ. ಎರಡನೇ ಬೇಸ್‌ಮೆಂಟಿನಲ್ಲಿ, ಕೊಳಚೆ ನೀರು ಶುದ್ಧ ಮಾಡುವ ಮಷೀನಿನ ಪಕ್ಕದಲ್ಲಿ. ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದುಕೊಳ್ಳಬೇಕು. ಹದಿನಾಲ್ಕನೇ ಮಹಡಿಯಿಂದ ಇಳಿದು ಬರುವುದಕ್ಕೇ ಐದು ನಿಮಿಷ ಹಿಡಿಯುತ್ತದೆ.

ವನಿತಾ ಅವಳ ತಂಗಿಯ ಮಗಳು. ಇಪ್ಪತ್ತಮೂರು ವರ್ಷ. ತಂಗಿ ತೀರಿಕೊಂಡ ಮೇಲೆ ಅಣ್ಣಮ್ಮನೇ ಸಾಕಿದ್ದು. ಇಲ್ಲಿ ಕೆಲಸಕ್ಕೆ ಸೇರಿಸಿದ್ದೂ ಅವಳೇ.

ಆ ಸೋಮವಾರ ವನಿತಾ ‘ಟಿ’ ಹಾಕಿ ‘ಬಿ’ ಹಾಕುವಷ್ಟರಲ್ಲಿ ಹದಿನಾಲ್ಕು ನಿಮಿಷವಾಗಿತ್ತು. ನಂದಕುಮಾರ್ ಗ್ರೂಪಿನಲ್ಲೇ ಕೇಳಿದ. “ವನಿತಾ, 14 ನಿಮಿಷ. ಅಲ್ಲೇ ಮಲಗಿದ್ಯಾ?” ಗೇಟಿನಿಂದ ಒಬ್ಬ ಹಲ್ಲು ಕಿರಿಯುವ ಗೊಂಬೆ ಹಾಕಿದ. ಇನ್ನಿಬ್ಬರು ಹಾಕಿದರು.

ವನಿತಾ ಅವನಿಗೆ ಫೋನು ಮಾಡಿದಳು.

“ಸಾರ್, ತುಂಬ ಹೊಟ್ಟೆ ನೋವು. ನಿಂತ್ಕೊಳ್ಳಕ್ಕೆ ಆಗ್ತಿಲ್ಲ. ಹಾಫ್ ಡೇ ಕೊಡಿ ಸಾರ್.”

“ತಿಂಗಳಿಗೆ ಎಷ್ಟು ಸಲ ಆಗತ್ತಮ್ಮ ನಿಮಗೆಲ್ಲ? ಹೋದ ವಾರ ಒಬ್ಬಳು, ಈ ವಾರ ನೀನು. ಪ್ರೂಫ್ ಕಳ್ಸು.”

“ಏನ್ ಪ್ರೂಫ್ ಸಾರ್?”

“ಏನ್ ಪ್ರೂಫ್ ಅಂದ್ರೆ? ಫೋಟೋ ತೆಗ್ದು ಕಳ್ಸು. ಗ್ರೂಪಿಗಲ್ಲ, ನನ್ನ ನಂಬರಿಗೆ. ಅಷ್ಟು ಮರ್ಯಾದೆ ನನಗೂ ಗೊತ್ತು. ಇಲ್ಲಾಂದ್ರೆ ಸುಮ್ನೆ ಹೋಗಿ ಮಾಪ್ ಹಿಡ್ಕೊ.”

ವನಿತಾ ಮತ್ತೆ ಎರಡು ಬೇಸ್‌ಮೆಂಟ್ ಇಳಿದಳು. ಬಾಗಿಲು ಹಿಡಿಯಲು ಯಾರನ್ನೂ ಕರೆಯಲಿಲ್ಲ. ಕಾಲಿನಲ್ಲಿ ಬಾಗಿಲು ಒತ್ತಿ ಹಿಡಿದು ಫೋಟೋ ತೆಗೆದಳು. ಕಳಿಸಿದಳು.

ಅಣ್ಣಮ್ಮ ಒಂಬತ್ತನೇ ಮಹಡಿಯಲ್ಲಿದ್ದಳು. ಸೊಂಟದ ಚೀಲದಲ್ಲಿ ಫೋನು ನಡುಗಿತು. ತೆಗೆದು ನೋಡಿದಳು. ಮೊದಲು ಏನೆಂದು ಹೊಳೆಯಲಿಲ್ಲ. ರಕ್ತ ಹತ್ತಿದ ಪ್ಯಾಡು. ಅದರ ಪಕ್ಕದಲ್ಲಿ ಒಡೆದ ಟೈಲ್ಸು. ಎರಡನೇ ಬೇಸ್‌ಮೆಂಟಿನ ಟೈಲ್ಸು. ಕೆಳಗೆ ನಂದಕುಮಾರ್ ಬರೆದಿದ್ದ: “ವನಿತಾ ಪ್ರೂಫ್ ಓಕೆ. ಹಾಫ್ ಡೇ.”

ಸೆಕ್ರೆಟರಿಗೆ ಕಳಿಸಲು ಹೋಗಿ ಗ್ರೂಪಿಗೆ ಕಳಿಸಿದ್ದ. ನಾಲ್ಕು ನಿಮಿಷಕ್ಕೆ ಅಳಿಸಿದ. ಅಷ್ಟರಲ್ಲಿ ಮೂವತ್ತಮೂರು ಜನ ನೋಡಿದ್ದರು. ಫೋಟೋ ತಾನಾಗಿಯೇ ಎಷ್ಟೋ ಫೋನಿನ ಹೊಟ್ಟೆಯೊಳಗೆ ಇಳಿದಿತ್ತು. ಅಣ್ಣಮ್ಮನ ಫೋನಿನಲ್ಲೂ ಇಳಿದಿತ್ತು.

ಅವಳು ಬಕೆಟ್ ಬಿಟ್ಟು ಓಡಿದಳು. ನಂದಕುಮಾರ್ ಆಫೀಸಿನಲ್ಲಿ ಕೂತಿದ್ದ.

“ಮಿಸ್ಟೇಕ್ ಆಯ್ತಮ್ಮ. ಡಿಲೀಟ್ ಮಾಡಿದೀನಲ್ಲ. ಇನ್ನೇನು, ಕಾಲಿಗೆ ಬೀಳ್ಲಾ?”

“ಆ ಫೋಟೋ ನೀವು ಕೇಳಿದ್ದೇ ಯಾಕೆ ಸಾರ್?”

“ಕೆಲಸ ಬೇಕಾ ಬೇಡ್ವಾ ನಿಂಗೆ?”

ಆ ದಿನದಿಂದ ವನಿತಾ ಕೆಲಸಕ್ಕೆ ಹೋಗುವುದನ್ನೂ ಮಾತಾಡುವುದನ್ನೂ ಬಿಟ್ಟಳು. ಅವಳ ಫೋನಿಗೆ ಗುರುತಿಲ್ಲದ ನಂಬರುಗಳಿಂದ ‘ಹಾಯ್’ ಬರತೊಡಗಿತು. ‘ಹೊಟ್ಟೆ ನೋವು ಹೋಯ್ತಾ’ ಅಂತ ಬಂತು. ಇನ್ನೂ ಏನೇನೋ ಬಂತು. ಅವಳು ಫೋನನ್ನು ಹಳೇ ಲಂಗದಲ್ಲಿ ಸುತ್ತಿ ಅಕ್ಕಿ ಡಬ್ಬದ ಹಿಂದೆ ತುರುಕಿದಳು. ಬಾಯಿ ಒದ್ದೆಯಾಗುವಷ್ಟು ಬಿಟ್ಟರೆ ನೀರು ಕುಡಿಯುವುದನ್ನೇ ನಿಲ್ಲಿಸಿದಳು. ನೀರು ಕುಡಿದರೆ ಕಕ್ಕಸಿಗೆ ಹೋಗಬೇಕಲ್ಲ. ಮೂರನೇ ದಿನಕ್ಕೆ ಉರಿಮೂತ್ರ, ಜ್ವರ. ಅಣ್ಣಮ್ಮ ಲೋಟ ಹಿಡಿದು ಗೋಗರೆದಳು. ವನಿತಾ ಗೋಡೆಯ ಕಡೆ ತಿರುಗಿ ಮಲಗಿದಳು.

ಅಣ್ಣಮ್ಮ ಸುಮ್ಮನೆ ಕೂರುವವಳಲ್ಲ. ನಂಬುವಂಥ ಎಂಟು ಜನರನ್ನು ಸೇರಿಸಿ ಬೇರೆ ಗ್ರೂಪು ಮಾಡಿಸಿದಳು. ಗಂಡಸರು ಯಾರೂ ಇಲ್ಲ. ಬರೆಯಲು ಬಾರದವರೇ ಹೆಚ್ಚು, ಹಾಗಾಗಿ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಪೊಲೀಸರಿಗೆ ಹೇಳೋಣ ಅಂತ ಒಬ್ಬಳು. ಲೇಬರ್ ಆಫೀಸಿಗೆ ಅಂತ ಇನ್ನೊಬ್ಬಳು. ಅಣ್ಣಮ್ಮ ಸಿಟ್ಟಿನಲ್ಲಿ, “ಅವನ ಹೆಂಡ್ತಿ ಏನ್ ಮುಟ್ಟಾಗಲ್ವಾ? ಅವಳ ಪ್ರೂಫು ಕೇಳ್ತಾನಾ?” ಅಂದಿದ್ದಳು. ಗುರುವಾರ ಒಂಬತ್ತೂ ಜನ ಒಟ್ಟಿಗೆ ಕೆಲಸ ನಿಲ್ಲಿಸುವುದು ಅಂತ ತೀರ್ಮಾನವಾಯಿತು.

ಬುಧವಾರ ಬೆಳಿಗ್ಗೆ ಹಾಜರಿ ಹಾಕುವ ಜಾಗದಲ್ಲಿ ನಂದಕುಮಾರ್ ಕುರ್ಚಿ ಹಾಕಿಕೊಂಡು ಕೂತಿದ್ದ.

“ನಾಳೆ ಯಾರ್ಯಾರು ರಜಾ?” ಅಂದ. ಒಂಬತ್ತು ಹೆಸರನ್ನೂ ಓದಿದ. ಅಣ್ಣಮ್ಮನ ಹೆಸರು ಬಂದಾಗ ತಲೆ ಎತ್ತಿದ. “ನನ್ನ ಹೆಂಡ್ತಿ ಮುಟ್ಟಿನ ವಿಷಯ ನಿಂಗ್ಯಾಕಮ್ಮ?”

ಆ ಒಂಬತ್ತರಲ್ಲಿ ಇಬ್ಬರನ್ನು ಅಲ್ಲೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದ. ಗುರುವಾರ ಉಳಿದವರೆಲ್ಲ ಕೆಲಸಕ್ಕೆ ಬಂದರು.

ಯಾರು ಹೇಳಿದ್ದು? ಉಳಿದ ಏಳರಲ್ಲಿ ಆರು ಜನರ ಕಣ್ಣೂ ಏಳನೆಯವಳ ಮೇಲೆ ಹೋಯಿತು. ಉಮಾಮಹೇಶ್ವರಿ. ಚಿಕ್ಕಲಸಂದ್ರದವಳು, ಗಂಡ ಇಲ್ಲ. ಪಿಯುಸಿ ಓದಿದ್ದಳು. ಅದಕ್ಕೇ ಮಧ್ಯಾಹ್ನ ಎರಡು ಗಂಟೆ ಅವಳನ್ನು ಆಫೀಸಿನಲ್ಲಿ ಕೂರಿಸಿ ರಿಜಿಸ್ಟರ್ ಬರೆಸುತ್ತಿದ್ದರು. ಫ್ಯಾನಿನ ಕೆಳಗೆ ಕೂರುತ್ತಾಳೆ. ಮೇಲಿನ ಜಾತಿಯವಳು. ನಂದಕುಮಾರ್ ಅವಳನ್ನು ಒಬ್ಬಳನ್ನೇ ‘ನೀವು’ ಅನ್ನುತ್ತಾನೆ. ಇಷ್ಟು ಸಾಕಾಯಿತು.

ಶುಕ್ರವಾರ ಊಟದ ಹೊತ್ತಿಗೆ ಉಮಾಮಹೇಶ್ವರಿ ಡಬ್ಬಿ ಹಿಡಿದುಕೊಂಡು ಬಂದಾಗ ಯಾರೂ ಜಾಗ ಕೊಡಲಿಲ್ಲ. ಅವಳು ನೆಟ್ಟಗೆ ಅಣ್ಣಮ್ಮನ ಹತ್ತಿರ ಬಂದಳು.

“ಅಕ್ಕ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು. ಈ ಕಡೆ ಬನ್ನಿ.”

“ಯಾಕೆ, ಹೋಗಿ ಹೇಳಕ್ಕೆ ಇನ್ನೂ ಏನಾದ್ರೂ ಬೇಕಾ?”

“ಅಕ್ಕ, ಮೊದ್ಲು ಕೇಳಿ...”

ಅಣ್ಣಮ್ಮ ಹೊಡೆದಳು. ಫಿನಾಯಿಲಿನಲ್ಲಿ ಬಿರಿದ ಕೈ. ಕೆನ್ನೆಯ ಮೇಲೆ ಐದೂ ಬೆರಳು ಎದ್ದವು. ಡಬ್ಬಿ ಬಿದ್ದು ಚಿತ್ರಾನ್ನ ನೆಲಕ್ಕೆ ಚೆಲ್ಲಿತು. “ನನ್ ಮಗೀನ ಮಾನ ಮಾರ್ಕೊಂಡು ಫ್ಯಾನ್ ಕೆಳಗೆ ಕೂತಿದೀಯ” ಅಂದಳು. ಉಮಾಮಹೇಶ್ವರಿ ಚೆಲ್ಲಿದ್ದನ್ನು ಬಳಿದು ಡಬ್ಬಿಗೆ ತುಂಬಿಕೊಂಡು ಹೋದಳು. ಮಾರನೇ ದಿನದಿಂದ ಕೆಲಸಕ್ಕೆ ಬರಲಿಲ್ಲ.

ಮುಂದಿನ ವಾರ ಅಣ್ಣಮ್ಮನ ಫೋನು ಮೆಟ್ಟಿಲ ಮೇಲೆ ಬಿದ್ದು ಗಾಜು ಒಡೆಯಿತು. ಫೋನಿಲ್ಲದೆ ಹಾಜರಿಯಿಲ್ಲ. ಅರೆಕೆರೆ ಗೇಟಿನ ಹತ್ತಿರ ಚೈತ್ರ ಅನ್ನುವವಳ ಮೊಬೈಲ್ ರಿಪೇರಿ ಅಂಗಡಿಗೆ ಹೋದಳು. ಗಾಜು ಹಾಕಿದ ಮೇಲೆ ಚೈತ್ರ ಎಲ್ಲ ಸರಿಯಾಗಿದೆಯಾ ಅಂತ ಒತ್ತಿ ನೋಡುತ್ತಿದ್ದಳು. ಒಂದು ಕಡೆ ಅವಳ ಬೆರಳು ನಿಂತಿತು.

“ಆಂಟಿ, ನಿಮ್ಮನೇಲಿ ಕಂಪ್ಯೂಟರ್ ಇದೆಯಾ?”

“ಮನೆ ಬಾಗ್ಲೇ ನೆಟ್ಟಗಿಲ್ಲ. ಕಂಪ್ಯೂಟರ್ ಎಲ್ಲಿಂದ ಬರ್ಬೇಕಮ್ಮ?”

“ಮತ್ತೆ ನಿಮ್ಮ ವಾಟ್ಸಾಪ್ ಒಂದು ಕಂಪ್ಯೂಟರಲ್ಲೂ ಓಪನ್ ಆಗಿದೆ. ಇಲ್ನೋಡಿ. ಇವತ್ತು ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಯಾರೋ ನೋಡಿದಾರೆ. ನಿಮಗೆ ಬಂದಿದ್ದು, ನೀವು ಕಳ್ಸಿದ್ದು, ವಾಯ್ಸ್ ಕೂಡ, ಎಲ್ಲ ಅಲ್ಲಿ ಕಾಣತ್ತೆ.”

“ಹಂಗೆ ಯಾರಾದ್ರೂ ಮಾಡ್ಬೋದಾ?”

“ಫೋನ್ ಕೈಲಿದ್ರೆ ಒಂದು ನಿಮಿಷದ ಕೆಲಸ. ಯಾರಿಗಾದ್ರೂ ಕೊಟ್ಟಿದ್ರಾ?”

ಕೊಟ್ಟಿದ್ದಳು. ಯುಗಾದಿ ಆದ ಮೇಲೆ, ಹಾಜರಿ ಫೋನಿನಲ್ಲಿ ಅಂತ ಆದಾಗ, ‘ಸೆಟ್ಟಿಂಗ್ ಮಾಡಿಕೊಡ್ತೀನಿ’ ಅಂತ ನಂದಕುಮಾರ್ ಅವಳ ಫೋನನ್ನು ಆಫೀಸಿಗೆ ಒಯ್ದಿದ್ದ. ಅವಳು ಹೊರಗೆ ನಿಂತಿದ್ದಳು. ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತಿದ್ದಳು. ವಾಪಸ್ ಕೊಟ್ಟಾಗ ‘ಥ್ಯಾಂಕ್ಸ್ ಸಾರ್’ ಅಂದಿದ್ದಳು.

ಅವಳು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಸಿದಳು. ಹೇಳಿದ್ದು ಯಾರೂ ಅಲ್ಲ. ಅವಳ ಸೊಂಟದಲ್ಲೇ ಇದ್ದ ಫೋನು. ಇಬ್ಬರ ಕೆಲಸ ಕಳೆದದ್ದು ಅವಳ ಫೋನು. ಹೊಡೆದದ್ದು ಅವಳ ಕೈ.

ಚೈತ್ರ ಆ ಕಂಪ್ಯೂಟರಿನ ಕೊಂಡಿ ಕಿತ್ತುಹಾಕಿದಳು. ಫೋನಿಗೆ ಗುಟ್ಟಿನ ನಂಬರು ಹಾಕಿಸಿದಳು. ಫೋಟೋ ತಾನಾಗೇ ಇಳಿಯದ ಹಾಗೆ ಮಾಡಿದಳು. ಆಮೇಲೆ ಹೇಳಿದಳು: “ಸಿಗ್ನಲ್ ಅಂತ ಇನ್ನೊಂದು ಆ್ಯಪ್ ಇದೆ ಆಂಟಿ. ಅದರಲ್ಲಿ ನಂಬರ್ ಕಾಣದ ಹಾಗೆ ಮಾಡ್ಬೋದು. ಮೆಸೇಜು ವಾರಕ್ಕೋ ದಿನಕ್ಕೋ ತಾನಾಗೇ ಅಳಿಸಿ ಹೋಗೋ ಹಾಗೆ ಇಡ್ಬೋದು. ನೀವು ನೀವೇ ಮಾತಾಡ್ಕೊಳ್ಳಕ್ಕೆ ಅದನ್ನ ಇಟ್ಕೊಳ್ಳಿ. ಆದ್ರೆ ಫೋನನ್ನೇ ಅವರ ಕೈಗೆ ಕೊಟ್ರೆ ಯಾವ ಆ್ಯಪೂ ಕಾಯಲ್ಲ.”

ಆ ಹೆಸರನ್ನು ಅಣ್ಣಮ್ಮ ಮೊದಲೇ ಕೇಳಿದ್ದಳು. ಸಂಕ್ರಾಂತಿಯ ಹೊತ್ತಿನಲ್ಲಿ ಕ್ಲಬ್‌ಹೌಸಿನಲ್ಲಿ ಮನೆ ಮಾಲೀಕರ ಮೀಟಿಂಗು ನಡೆದಿತ್ತು. ಯಾರೋ ಚೆಲ್ಲಿದ ಕಾಫಿಯನ್ನು ಅವಳು ಕುರ್ಚಿಗಳ ನಡುವೆ ತೂರಿ ಒರೆಸುತ್ತಿದ್ದಳು. ಗ್ರೂಪಿನಿಂದ ಒಬ್ಬ ಮೇಡಂ ನಂಬರು ಹೊರಗೆ ಹೋಗಿ ಯಾರೋ ಕಾಟ ಕೊಟ್ಟಿದ್ದರಂತೆ. ರವಿಕಿರಣ್ ಎದ್ದು ನಿಂತು, “ನಮ್ಮ ಮನೆ ಹೆಣ್ಣುಮಕ್ಕಳ ನಂಬರು ಕಂಡೋರ ಕೈಗೆ ಸಿಗಬಾರದು, ನಮ್ಮ ಗ್ರೂಪ್ ಸಿಗ್ನಲ್‌ಗೆ ಹೋಗತ್ತೆ” ಅಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವರಿಗೆ ಗೊತ್ತಿತ್ತು. ಅಪಾಯ ಏನು ಅಂತ ಗೊತ್ತಿತ್ತು. ತಪ್ಪಿಸಿಕೊಳ್ಳುವ ದಾರಿಯೂ ಗೊತ್ತಿತ್ತು. ನೆಲ ಒರೆಸುವವಳಿಗೆ ಹೇಳಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಭಾನುವಾರ ಅವಳು ಚಿಕ್ಕಲಸಂದ್ರಕ್ಕೆ ಹೋದಳು. ಎರಡು ಬಸ್ಸು ಬದಲಿಸಿದಳು. ಉಮಾಮಹೇಶ್ವರಿ ಮಹಡಿ ಮೇಲಿನ ಶೀಟಿನ ಮನೆಯಲ್ಲಿದ್ದಳು. ಬಾಗಿಲು ತೆಗೆದವಳು ಒಳಗೆ ಕರೆಯಲಿಲ್ಲ. ಅಣ್ಣಮ್ಮ ನಿಂತಲ್ಲೇ ಎಲ್ಲ ಹೇಳಿದಳು.

“ಗೊತ್ತು,” ಅಂದಳು ಉಮಾಮಹೇಶ್ವರಿ. “ಆಫೀಸಿನ ಕಂಪ್ಯೂಟರಲ್ಲಿ ನಮ್ಮ ಗ್ರೂಪ್ ತೆಗ್ದಿಟ್ಕೊಂಡು ಅವನು ನಗ್ತಾ ಇದ್ದ. ನಾನು ನೋಡ್ದೆ. ಅವತ್ತು ನಿಮಗೆ ಹೇಳಕ್ಕೆ ಬಂದಿದ್ದು ಅದನ್ನೇ.”

ಅಣ್ಣಮ್ಮ ಬಗ್ಗಿ ಅವಳ ಕಾಲು ಮುಟ್ಟಲು ಹೋದಳು. ಉಮಾಮಹೇಶ್ವರಿ ಹಿಂದೆ ಸರಿದಳು.

“ಬೇಡಿ ಅಕ್ಕ. ಏಟು ಆವತ್ತೇ ಹೋಯ್ತು. ನಾನೂ ಒಂಟಿ ಹೆಂಗಸು. ನೀವು ನನ್ನ ಮಾತು ಒಂದು ನಿಮಿಷ ಕೇಳ್ಲಿಲ್ಲ. ಅವನು ಹೇಳಿದ್ನ ಮಾತ್ರ ಇಷ್ಟು ವರ್ಷ ಕೇಳಿದ್ರಿ.”

ಬಾಗಿಲು ಹಾಕಿಕೊಂಡಿತು. ಅಣ್ಣಮ್ಮ ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಅವಳು ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೇ ಕೂತಿದ್ದಳು.

ಸೋಮವಾರ ಅಣ್ಣಮ್ಮ ಸುಮ್ಮನೆ ಕೆಲಸಕ್ಕೆ ಹೋದಳು. ಬಟ್ಟೆ ಬದಲಿಸುವ ಜಾಗದಲ್ಲಿ ನಾಲ್ಕೈದು ಜನರಿಗೆ ವಿಷಯ ಹೇಳಿದಳು. ಅವರಲ್ಲಿ ಮೂವರ ಫೋನಿನಲ್ಲೂ ಅದೇ ಕೊಂಡಿ ಸಿಕ್ಕಿತು. ಕಿತ್ತುಹಾಕಿದರು. ತನ್ನ ಕಂಪ್ಯೂಟರಿನ ಕಿವಿ ಕಿವುಡಾದದ್ದು ನಂದಕುಮಾರನಿಗೆ ಅರ್ಧ ದಿನದಲ್ಲೇ ತಿಳಿಯಿತು.

ಮಂಗಳವಾರ ಬೆಳಿಗ್ಗೆ ಅವನು ಬೇಸ್‌ಮೆಂಟಿನಲ್ಲಿ ಮೇಜು ಹಾಕಿಸಿದ್ದ. ಮೇಲೆ ಒಂದು ಪ್ಲಾಸ್ಟಿಕ್ ಟ್ರೇ. ಪಕ್ಕದಲ್ಲಿ ವಾಕಿಂಗ್ ಬಟ್ಟೆಯಲ್ಲಿ ರವಿಕಿರಣ್.

“ಎಲ್ಲರೂ ಫೋನ್ ಇದರಲ್ಲಿ ಹಾಕಿ. ಅಪ್‌ಡೇಟ್ ಮಾಡ್ಬೇಕು. ಲಾಕ್ ಇದ್ರೆ ನಂಬರ್ ಹೇಳಿ,” ಅಂದ ನಂದಕುಮಾರ್.

ಒಬ್ಬೊಬ್ಬರೇ ಹಾಕಿದರು. ಅಣ್ಣಮ್ಮನ ಸರದಿ ಬಂತು. ಅವಳು ನಿಂತಳು.

“ಕೊಡಲ್ಲ.”

“ಏನು?”

“ಫೋನ್ ನಂದು. ನಾನು ದುಡ್ದು ತಗೊಂಡಿದ್ದು. ಕೊಡಲ್ಲ.”

ರವಿಕಿರಣ್ ಮೆಲ್ಲಗೆ ಹೇಳಿದ. “ನೋಡಿ ಅಮ್ಮ, ಇದು ಸೆಕ್ಯೂರಿಟಿ ವಿಷಯ. ಇಲ್ಲಿ ಇನ್ನೂರ ನಲವತ್ತು ಮನೆಯವರ ಪ್ರೈವಸಿ ಇದೆ.”

“ನಿಮ್ಮ ಮನೆ ಹೆಣ್ಮಕ್ಕಳ ನಂಬರ್ ಕಂಡೋರಿಗೆ ಸಿಗಬಾರದು ಅಂತ ನೀವು ಬೇರೆ ಕಡೆ ಹೋದ್ರಲ್ಲ ಸಾರ್. ನಾನು ನಿಮ್ಮ ಕಾಲ ಕೆಳಗೆ ಒರೆಸ್ತಿದ್ದೆ. ಕೇಳಿಸ್ಕೊಂಡೆ. ನನ್ ಮಗೀನ ರಕ್ತ ಹತ್ತೊಂಬತ್ತು ಗಂಡಸರು ನೋಡಿದ್ರು. ನೀವೂ ನೋಡಿದ್ರಿ. ಒಂದು ಮಾತಾಡಿದ್ರಾ? ಅವಳಿಗೇನು ಪ್ರೈವಸಿ ಇಲ್ವಾ?”

ರವಿಕಿರಣ್ ತನ್ನ ಬೂಟು ನೋಡಿಕೊಂಡ.

“ಫೋನ್ ಕೊಡ್ದೇ ಇದ್ರೆ ಗೇಟಿಂದಾಚೆ,” ಅಂದ ನಂದಕುಮಾರ್. “ಇಲ್ಲಿಂದ ಬನ್ನೇರುಘಟ್ಟ ರೋಡ್ ತುದಿವರೆಗೂ ಎಲ್ಲ ಅಪಾರ್ಟ್‌ಮೆಂಟ್ ಸೂಪರ್‌ವೈಸರೂ ಒಂದೇ ಗ್ರೂಪಲ್ಲಿ ಇದೀವಿ. ನಿನ್ನ ಫೋಟೋ ಹಾಕಿದ್ರೆ ಸಾಕು. ಯಾರೂ ಕಸ ಎತ್ತಕ್ಕೂ ಕರಿಯಲ್ಲ.”

“ಹಾಕು.”

ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು. ಟ್ರೇಗೆ ಹಾಕಿದ್ದ ಫೋನನ್ನು ಇಬ್ಬರು ವಾಪಸ್ ತೆಗೆದುಕೊಂಡರು. ಉಳಿದವರು ತಲೆ ತಗ್ಗಿಸಿ ನಿಂತರು. ಅವರ ಮೇಲೆ ಅಣ್ಣಮ್ಮನಿಗೆ ಸಿಟ್ಟು ಬರಲಿಲ್ಲ. ಮನೆಯಲ್ಲಿ ಒಲೆ ಉರಿಯಬೇಕಲ್ಲ.

ಹತ್ತು ಗಂಟೆಗೆ ಅವಳ ಫೋಟೋ ಆ ಸೂಪರ್‌ವೈಸರುಗಳ ಗ್ರೂಪಿನಲ್ಲಿ ಬಂತು. ‘ಈಕೆಯನ್ನು ಒಳಗೆ ಬಿಡಬೇಡಿ.’ ಹಾಜರಿಗೆ ಅಂತ ಆರು ಗಂಟೆಗೆ ಅವಳೇ ತೆಗೆದು ಕಳಿಸಿದ್ದ ಫೋಟೋ.

ಅವಳು ಮನೆಗೆ ಹೋಗಿ ವನಿತಾಳ ಪಕ್ಕದಲ್ಲಿ ಕೂತಳು. ಏನೇನಾಯಿತು ಎಲ್ಲ ಹೇಳಿದಳು. ತನ್ನ ಫೋನಿನ ವಿಷಯ, ಉಮಾಮಹೇಶ್ವರಿಯ ಕೆನ್ನೆಯ ವಿಷಯ, ಏನನ್ನೂ ಬಚ್ಚಿಡಲಿಲ್ಲ. “ನಂಗೆ ಇನ್ ದಾರಿ ಕಾಣ್ತಿಲ್ಲ ಮಗ. ಪೊಲೀಸ್ ಹತ್ರ ಹೋಗ್ತೀನಿ. ನೀನು ಬರ್ಬೇಡ. ನಾನೇ ಹೇಳ್ತೀನಿ.”

ವನಿತಾ ಎದ್ದು ಮುಖ ತೊಳೆದಳು. ಒಂದು ಲೋಟ ನೀರು ಕುಡಿದಳು. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

ಠಾಣೆಯಲ್ಲಿ ಎರಡು ಗಂಟೆ ಕಾಯಿಸಿದರು. ಆಮೇಲೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ಕರೆದ. ಅಣ್ಣಮ್ಮ ಹೇಳುವಷ್ಟನ್ನೂ ಕಿವಿ ಕೆರೆದುಕೊಳ್ಳುತ್ತ ಕೇಳಿದ.

“ಫೋಟೋ ಹಾಕಿದ, ಅಳಿಸಿದ. ಈಗ ಅದು ಎಲ್ಲಿದೆ?”

“ನನ್ ಫೋನಲ್ಲಿ ಐತೆ ಸಾರ್.”

“ತೋರ್ಸಿ.”

ಅಣ್ಣಮ್ಮನ ಕೈ ಸೊಂಟದ ಚೀಲಕ್ಕೆ ಹೋಗಿ ಅಲ್ಲೇ ನಿಂತಿತು. ಆ ಕಡೆ ಮೇಜಿನಲ್ಲಿ ಇನ್ನಿಬ್ಬರು ಪೊಲೀಸರಿದ್ದರು. ಒಬ್ಬ ಕುರ್ಚಿ ತಿರುಗಿಸಿಕೊಂಡ.

“ಮೇಡಂ ಯಾರಾದ್ರೂ ಇದ್ರೆ ಅವರಿಗೆ...”

“ಮೇಡಂ ಬಂದೋಬಸ್ತಿಗೆ ಹೋಗಿದಾರೆ. ಪ್ರೂಫ್ ಇಲ್ದೆ ಏನಂತ ಬರ್ಕೊಳ್ಳೋದು? ಒಂದ್ ಕೆಲಸ ಮಾಡಿ. ಈ ನಂಬರಿಗೆ ವಾಟ್ಸಾಪ್ ಮಾಡಿ, ನಾವು ನೋಡ್ತೀವಿ.” ಅವನು ಮೇಜಿನ ಮೇಲಿದ್ದ ತನ್ನ ಫೋನನ್ನು ಬೆರಳಿನಲ್ಲಿ ತಟ್ಟಿದ.

ಅಣ್ಣಮ್ಮ ಆ ಫೋನನ್ನೇ ನೋಡಿದಳು. ಈ ನಂಬರಿಗೆ. ಆಮೇಲೆ ಇನ್ನೊಂದು ನಂಬರಿಗೆ. ಆಮೇಲೆ ವಕೀಲನ ನಂಬರಿಗೆ, ಸಾಹೇಬರ ನಂಬರಿಗೆ. ನ್ಯಾಯ ಬೇಕು ಅಂದರೆ ಹುಡುಗಿಯನ್ನು ಮತ್ತೆ ಮತ್ತೆ ಆ ಒಡೆದ ಟೈಲ್ಸಿನ ಮೇಲೆ ಕೂರಿಸಬೇಕು. ಬೇಡ ಅಂದರೆ ಆದದ್ದು ಆಗಲೇ ಇಲ್ಲ. ಇದ್ದ ಕೆಲಸ ಹೋಗಿತ್ತು. ಬಾಡಿಗೆ ಮನೆಗೆ ಖಾಲಿ ಕೈಯಲ್ಲಿ ಹೋಗಬೇಕಿತ್ತು. “ನಡಿ ಮಗ, ಹೋಗನ,” ಅಂದಳು.

ವನಿತಾ ಏಳಲಿಲ್ಲ.

“ಕಳ್ಸಲ್ಲ,” ಅಂದಳು.

ಹದಿನೈದು ದಿನದ ಮೇಲೆ ಬಂದ ಸ್ವರ. ಒಡಕಲಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಅವಳನ್ನು ಈಗ ಮೊದಲ ಸಲ ನೋಡಿದ.

“ನಿಮಗೂ ಕಳ್ಸಲ್ಲ, ಯಾರಿಗೂ ಕಳ್ಸಲ್ಲ. ಅವನು ಕೇಳಿದಾಗ ಕಳ್ಸಿದ್ನಲ್ಲ, ಅದೊಂದೇ ತಪ್ಪು ನಂದು. ಬಾಯಲ್ಲಿ ಹೇಳ್ತೀನಿ. ಎಲ್ಲ ಹೇಳ್ತೀನಿ. ಎಷ್ಟು ಗಂಟೆಗೆ ಕೇಳಿದ, ಏನಂತ ಕೇಳಿದ, ಎಷ್ಟು ಜನ ನೋಡಿದ್ರು, ಆಮೇಲೆ ಯಾವ್ ಯಾವ್ ನಂಬರಿಂದ ಏನೇನು ಬಂತು. ಲೇಡಿ ಪೊಲೀಸ್ ಬರೋವರೆಗೂ ಕಾಯ್ತೀನಿ. ಅವರು ಬಂದು ನೋಡ್ಲಿ, ಇಲ್ಲೇ, ನಮ್ಮ ಫೋನಲ್ಲೇ ನೋಡ್ಲಿ. ನೀವು ಬರ್ಕೊಳ್ಳಿ.”

“ಬಂದೋಬಸ್ತ್ ಮುಗಿಯೋದು ಸಾಯಂಕಾಲ ಆಗತ್ತಮ್ಮ. ಹೋಗಿ ನಾಳೆ ಬನ್ನಿ.”

“ನಾಳೆ ಬರಲ್ಲ. ಇವತ್ತೇ ಇರ್ತೀವಿ.”

ಅವನು ಅಣ್ಣಮ್ಮನ ಕಡೆ ನೋಡಿದ, ಹಿರಿಯವಳು ಬುದ್ಧಿ ಹೇಳಲಿ ಅನ್ನುವ ಹಾಗೆ. ಅಣ್ಣಮ್ಮ ಬೆಂಚಿನ ಮೇಲೆ ವನಿತಾಳಿಗೆ ತಾಗಿ ಕೂತಳು. ಅವಳಿಗೆ ನಂಬಿಕೆಯೇನೂ ಇರಲಿಲ್ಲ. ಸಾಯಂಕಾಲ ಯಾರಾದರೂ ಬರುತ್ತಾರೆ, ಬರೆದುಕೊಳ್ಳುತ್ತಾರೆ ಅಂತ ನಂಬಿಸುವಂಥದ್ದು ಅವಳ ನಲವತ್ತೆರಡು ವರ್ಷದ ಬಾಳಿನಲ್ಲಿ ಏನೂ ನಡೆದಿರಲಿಲ್ಲ.

ವನಿತಾ ಎದ್ದು ನಿಂತಳು.

“ಸಾರ್, ಇಲ್ಲಿ ಟಾಯ್ಲೆಟ್ ಎಲ್ಲಿದೆ?”

“ಪಬ್ಲಿಕ್‌ಗೆ ಇಲ್ಲಮ್ಮ. ಸ್ಟಾಫಿಗೆ ಮಾತ್ರ.”

“ಎಲ್ಲಿದೆ ಅಂತ ಕೇಳಿದ್ದು,” ಅಂದಳು ವನಿತಾ. ಅವಳು ಹಿಂದಿನ ಪಡಸಾಲೆಯ ಬಾಗಿಲು ತಳ್ಳಿಕೊಂಡು ಒಳಗೆ ನಡೆದಳು. ಯಾರನ್ನೂ ಕೇಳದೆ ನಡೆದಳು.

ಅಣ್ಣಮ್ಮ ಎದ್ದು ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.